ಎರಡೇ ನೂಲು ಏರಿಸಿದ ಹಾರ್ಮೋನಿಯಂ

ಭಾನುವಾರ ಬೆಳಿಗ್ಗೆ ಎರಡನೇ ಸಲದ ಚಹಾ ಮುಗಿಸಿ, ಮೀಸೆ ಒರೆಸಿಕೊಂಡು ನಾನೊಂದು ಘನಘೋರ ಸಂಕಲ್ಪ ಮಾಡಿದೆ. ಮೊಮ್ಮಗಳ ಹಾಡಿನ ಮಿಕ್ಸಿಂಗನ್ನು ನಾನೇ ಸರಿ ಮಾಡುತ್ತೇನೆ! ಈ ಸೂರ್ಯಕಾಂತ ಕೈ ಹಾಕಿದ ಮೇಲೆ ಆ ಹಾಡು ಏಳಲೇಬೇಕು, ನಿಲ್ಲಲೇಬೇಕು, ಹೈದರಾಬಾದು ಕೇಳಲೇಬೇಕು!

ಹೈದರಾಬಾದು ಕೇಳಿತೋ ಇಲ್ಲವೋ ಗೊತ್ತಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಮೂರೂ ಮಜಲಿನವರಂತೂ ಕೇಳಿದರು. ಕೇಳಿ, ಕಿಟಕಿ ಹಾಕಿಕೊಂಡರು.

ಮಿಕ್ಸಿಂಗ್ ಅಂದರೆ ಏನು ಅಂತ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಬೇರೆ ಬೇರೆ ವಾದ್ಯಗಳನ್ನು ಬೇರೆ ಬೇರೆ ಮೈಕಿನಲ್ಲಿ ಹಿಡಿದು, ಯಾವುದು ಎಷ್ಟು ಕೇಳಿಸಬೇಕು ಅಂತ ಆಮೇಲೆ ಕಂಪ್ಯೂಟರಿನಲ್ಲಿ ಹದ ಮಾಡುವುದು. ಸಾರಿಗೆ ಉಪ್ಪು, ಹುಳಿ, ಖಾರ ಹಾಕಿದ ಹಾಗೆ, ಇಷ್ಟೇ ತಾನೆ ಅಂದುಕೊಂಡೆ. ನಮ್ಮ ಮನೆಯಲ್ಲಿ ಸಾರು ಮಾಡುವಾಕೆ ನನ್ನ ಹೆಂಡತಿ ಉಮಾಬಾಯಿ, ನಾನಲ್ಲ ಅನ್ನುವುದು ಆ ಹೊತ್ತಿಗೆ ನೆನಪಾಗಲಿಲ್ಲ.

ನಾನೇನು ಸಾಮಾನ್ಯ ಆಸಾಮಿಯೇ? ಲಿಂಗಸುಗೂರು ಕಡೆಯಿಂದ ಹೈದರಾಬಾದಿಗೆ ಬಂದು, ಬಾಲಾನಗರದ ಕಾರ್ಖಾನೆಯೊಂದರಲ್ಲಿ ಮೂವತ್ತೇಳು ವರ್ಷ ಲೇಥ್ ಮಷೀನಿನ ಮುಂದೆ ನಿಂತವನು. ಕೂದಲೆಳೆಯಷ್ಟು ಕಬ್ಬಿಣ ಹೆರೆಯುವ ಕೈ ಇದು. ಮನೆಯ ಫ್ಯಾನು, ಮಿಕ್ಸರು, ಇಸ್ತ್ರಿ ಪೆಟ್ಟಿಗೆ ಎಲ್ಲ ನಾನೇ ರಿಪೇರಿ. ಹಾರ್ಮೋನಿಯಂ ಕಲಿತದ್ದೂ ಹಾಗೆಯೇ. ಮೊದಲು ಬಿಚ್ಚಿದೆ. ಆಮೇಲೆ ಜೋಡಿಸಿದೆ. ಉಳಿದ ಎರಡು ಸ್ಕ್ರೂ ಡಬ್ಬಿಯಲ್ಲಿಟ್ಟೆ. ಬಾರಿಸಿದೆ. ಇಪ್ಪತ್ತು ವರ್ಷದಿಂದ ನಮ್ಮ ಕನ್ನಡ ಮಂದಿಯ ಭಜನಾ ಮಂಡಳಿಗೆ ನಾನೇ ಪೆಟ್ಟಿಗೆ ಮಾಸ್ತರ. ಇಂಥವನಿಗೆ ಕಂಪ್ಯೂಟರಿನ ನಾಲ್ಕು ಗುಂಡಿ ಯಾವ ಲೆಕ್ಕ?

ಈಗ ವಿಷಯಕ್ಕೆ ಬರುತ್ತೇನೆ. ಮೊಮ್ಮಗಳು ಧನಶ್ರೀ ಇಪ್ಪತ್ತು ದಾಟಿದ ಹುಡುಗಿ. ವಯಲಿನ್ ನುಡಿಸುತ್ತಾಳೆ. ಬಿಡುವಿದ್ದಾಗ ವಿಡಿಯೋ ಗೇಮ್ ಆಡುತ್ತಾಳೆ, ಅಥವಾ ಇದನ್ನೇ ತಿರುಗಿಸಿ ಹೇಳಿದರೂ ತಪ್ಪಿಲ್ಲ. ಅವಳ ಮೆಚ್ಚಿನ ಆಟದಲ್ಲಿ ಒಬ್ಬ ಪೋರ ಕತ್ತಿ ಹಿಡಿದು ಹಿಮದ ಕೋಟೆ ಹತ್ತುತ್ತಾನೆ. ಮೇಲೆ ರಾಕ್ಷಸ ಕಾದಿರುತ್ತಾನೆ. ಹತ್ತುವಾಗ ಒಂದು ಧಾಟಿ ಬರುತ್ತದೆ, ಕೇಳಿದರೆ ನಮ್ಮ ಭೀಮಪಲಾಸಿ ರಾಗದ ದೂರದ ಸೋದರಮಾವನ ಮಗನ ಹಾಗಿದೆ. ಆಟಗಳಿಗೆ ಸಂಗೀತ ಕೂಡಿಸುವ ಊರಿನ ಒಂದು ಸ್ಟುಡಿಯೋದವರು ಸ್ಪರ್ಧೆ ಇಟ್ಟಿದ್ದರು. ಆಟದ ಧಾಟಿಯೊಂದನ್ನು ಮನೆಯಲ್ಲೇ, ನಿಜವಾದ ವಾದ್ಯಗಳಲ್ಲಿ ನುಡಿಸಿ ಕಳಿಸಬೇಕು. ಮಷೀನಿನ ಸದ್ದು ನಡೆಯುವುದಿಲ್ಲ. ಆರಿಸಿದ ಹತ್ತು ಮಂದಿಗೆ ಮೂರು ತಿಂಗಳು ಅಲ್ಲೇ ಕಲಿಸುತ್ತಾರೆ.

ಇದರ ಮೇಲೆ ಧನಶ್ರೀಯ ಜೀವವೇ ನಿಂತಿತ್ತು. ಯಾಕೆಂದರೆ ಅವಳಪ್ಪ, ಅಂದರೆ ನನ್ನ ಮಗ ವಿಜಯಕುಮಾರ, ಖಡಕ್ಕಾಗಿ ಹೇಳಿಬಿಟ್ಟಿದ್ದ: "ನೋಡವ್ವಾ, ಇದೊಂದು ಸಲ ನಿನ್ನ ಹಟ ನಡೀಲಿ. ಆರಿಸಿದ್ರು ಅಂದ್ರ ನಿನ್ನ ದಾರಿ ನಿನಗ. ಇಲ್ಲಂದ್ರ ವಯಲಿನ್ ಅಟ್ಟದ ಮ್ಯಾಲ, ನೀ ಅಮೀರ್‌ಪೇಟ್‌ದಾಗ. ಕಂಪ್ಯೂಟರ್ ಕೋರ್ಸಿಗೆ ಹೆಸರು ಹಚ್ಚಿಬಿಡತೀನಿ." ಆ ಕೋರ್ಸಿನ ಪ್ರವೇಶ ಪರೀಕ್ಷೆಯನ್ನಾದರೂ ಬರೆದಿಡು ಅಂತ ಷರತ್ತು ಬೇರೆ.

ಹುಡುಗಿ ಪಾಪ, ಒಪ್ಪಿದಳು. ವಯಲಿನ್ ಅವಳದು, ಹಾರ್ಮೋನಿಯಂ ನನ್ನದು. ಢೋಲಕ್ಕಿಗೆ ನಮ್ಮ ಮಂಡಳಿಯ ಮೌನಪ್ಪ. ತಾಳಕ್ಕೆ ಶಾಂತಪ್ಪ ಕಾಕಾ. ಹೆಸರು ನೋಡಿ ಮೋಸ ಹೋಗಬೇಡಿ. ಮೌನಪ್ಪ ಢೋಲಕ್ ಮುಟ್ಟಿದರೆ ಪಕ್ಕದ ಗಲ್ಲಿಯ ನಾಯಿ ಎದ್ದು ಕೂಡುತ್ತದೆ. ಶಾಂತಪ್ಪ ಕಾಕಾರಿಗೆ ಎಂಬತ್ತೊಂದು ವರ್ಷ. ಅವರ ಹಿತ್ತಾಳೆ ತಾಳ ಅವರಿಗಿಂತ ಹಳೆಯದು, ಅವರಿಗಿಂತ ಗಟ್ಟಿ.

ಧನಶ್ರೀಯ ಯೋಜನೆ ಪ್ರಕಾರ ಒಬ್ಬೊಬ್ಬರೇ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬೇರೆ ಬೇರೆಯಾಗಿ ನುಡಿಸಬೇಕಿತ್ತು. ಶಾಂತಪ್ಪ ಕಾಕಾ ಹೆಡ್‌ಫೋನನ್ನು ಹಾವು ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದು ಕೇಳಿದರು:

"ಒಬ್ಬಾಂವನ ಕೋಣ್ಯಾಗ ಕುಂತು, ಗ್ವಾಡಿ ನೋಡಕೋತ ತಾಳಾ ಹೊಡೀಲೇನು? ನನಗೇನ್ ತಲಿ ಕೆಟ್ಟೈತೇನವಾ?"

"ಹಂಗಲ್ಲ ಕಾಕಾ, ಆಮ್ಯಾಲೆ ಕಂಪ್ಯೂಟರ್‌ನ್ಯಾಗ ಎಲ್ಲಾ ಕೂಡಸ್ತೀನಿ."

"ಕೂಡಸೂದು ಭಗವಂತನ ಕೆಲಸ. ನಾವು ಮಾರಿ ಮಾರಿ ನೋಡಕೊಂಡ ಬಾರಸೂ ಮಂದಿ."

ಮಾತು ಖರೆ. ನಮ್ಮ ಭಜನೆಯವರು ಸ್ವರ ನೋಡಿ ಬಾರಿಸುವವರಲ್ಲ, ಹುಬ್ಬು ನೋಡಿ ಬಾರಿಸುವವರು. ಕಡೆಗೆ ನಾಲ್ಕೂ ಜನ ಒಂದೇ ಹಾಲಿನಲ್ಲಿ ಕೂತೆವು. ಸುಲ್ತಾನ್ ಬಜಾರಿನಿಂದ ಉಮಾಬಾಯಿ ತಂದಿದ್ದ ರಜಾಯಿಗಳನ್ನೆಲ್ಲ ಗೋಡೆಗೆ ನೇತು ಹಾಕಿದೆವು. ಮೇ ತಿಂಗಳ ಬಿಸಿಲು, ಫ್ಯಾನ್ ಬಂದ್, ಫ್ರಿಜ್ ಬಂದ್, ಕಿಟಕಿ ಬಂದ್. ಮೂರು ಮೈಕು. ವಯಲಿನ್ನಿಗೊಂದು, ಹಾರ್ಮೋನಿಯಮ್ಮಿಗೊಂದು, ಢೋಲಕ್ಕಿಗೊಂದು. ತಾಳಕ್ಕೆ ಮೈಕೇ ಬೇಡ ಅಂದಳು ಧನಶ್ರೀ. ಬೇಡವಾಗಿಯೇ ಇತ್ತು! ಶಾಂತಪ್ಪ ಕಾಕಾ ಒಮ್ಮೆ "ಠಣ್" ಅಂದರೆ ಮೂರೂ ಮೈಕಿನಲ್ಲಿ ಠಣ್, ಠಣ್, ಠಣ್.

ಅದನ್ನೆಲ್ಲ ಇಟ್ಟುಕೊಂಡು ಆ ಹುಡುಗಿ ಐದು ದಿನ ಕೂತು ಹದ ಮಾಡಿದಳು. ಇಲ್ಲಿ ಇಷ್ಟು ತಗ್ಗಿಸು, ಅಲ್ಲಿ ಅಷ್ಟು ಏರಿಸು, ಠಣ್ ಬಂದಾಗ ತುಸು ಮುಚ್ಚು. ಊಟಕ್ಕೆ ಕರೆದರೂ "ಹೂಂ" ಅನ್ನುತ್ತಿದ್ದಳು, ಬೈದರೂ "ಹೂಂ". ಶನಿವಾರ ಸಂಜೆ ನನ್ನ ಕಿವಿಗೆ ಹೆಡ್‌ಫೋನ್ ಹಾಕಿದಳು. ಕೇಳಿದೆ. ವಯಲಿನ್ ಕೇಳಿಸಿತು. ಢೋಲಕ್ ಕೇಳಿಸಿತು.

"ಭಾಳ ಚಂದ ಆಗೇತಿ. ನನ್ನ ಹಾರ್ಮೋನಿಯಂ ಯಾವಾಗ ಹಾಕ್ತೀವಾ?"

"ಅಜ್ಜಾ, ಹಾಕೀನಿ! ಮೊದಲಿನಿಂದ ಕಡೀ ತನಕ ಐತಿ."

"ಎಲ್ಲಿ?"

"ತಳದಾಗ. ಅದು ಹೊಲದ ಮಣ್ಣಾಗಿನ ಹಸಿ ಇದ್ದಂಗ. ಕಣ್ಣಿಗೆ ಕಾಣಂಗಿಲ್ಲ, ಅದಿಲ್ಲಂದ್ರ ಬೆಳಿ ನಿಂದ್ರಂಗಿಲ್ಲ."

ಚಂದ ಹೇಳಿದಳು, ಒಪ್ಪುತ್ತೇನೆ. ಆದರೆ ನೀವೇ ಹೇಳಿ, ಇಡೀ ಮಂಡಳಿಗೆ, ಹಾಲಿನವನಿಗೆ, ವಾಚ್‌ಮನ್ನಿಗೆ, ಲಿಂಗಸುಗೂರಿನ ಮೂವರು ಬೀಗರಿಗೆ "ನನ್ನ ಹಾರ್ಮೋನಿಯಂ ಗೇಮಿನ್ಯಾಗ ಬರಾಕತ್ತೈತಿ" ಅಂತ ಸಾರಿಬಿಟ್ಟವನು ಈಗ ಹಸಿಯನ್ನು ಹೇಗೆ ತೋರಿಸಲಿ?

ಭಾನುವಾರ ಬೆಳಿಗ್ಗೆ ಧನಶ್ರೀ ಅಮೀರ್‌ಪೇಟಿನ ಪರೀಕ್ಷೆಗೆ ಹೊರಟಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಬೆರಳು ತೋರಿಸಿದಳು.

"ಅಜ್ಜಾ, ಸಂಜಿ ಆರು ಗಂಟೆಕ್ಕ ಕಡೀ ಟೈಮು. ನಾ ಬಂದು ಒಮ್ಮಿ ಕೇಳಿ ಕಳಸತೀನಿ. ಕಂಪ್ಯೂಟರಿಗೆ ಕೈ ಹಚ್ಚಬ್ಯಾಡ."

"ನಾ ಯಾಕ ಹಚ್ಚಲಿ? ಹುಚ್ಚಿ!"

ಲಿಫ್ಟಿನ ಬಾಗಿಲು ಮುಚ್ಚಿದ ಸದ್ದಾಯಿತು. ನಾನು ಕೈ ಹಚ್ಚಿದೆ.

ಜಾಸ್ತಿ ಏನಲ್ಲ, ಹಾರ್ಮೋನಿಯಂ ಗುಂಡಿಯನ್ನು ಎರಡೇ ಎರಡು ನೂಲು ಏರಿಸುವುದು. ನಮ್ಮ ವರ್ಕ್‌ಶಾಪಿನಲ್ಲಿ ಒಂದು ನೂಲು ಅಂದರೆ ಇಂಚಿನ ಎಂಟನೇ ಒಂದು ಪಾಲು. ಯಾರಿಗೆ ತಿಳಿಯುತ್ತದೆ? ಏರಿಸಿದೆ. ಹಾರ್ಮೋನಿಯಂ ಮೇಲೆ ಬಂತು. ಅದರ ಹೆಗಲ ಮೇಲೆ ಕೂತು ಶಾಂತಪ್ಪ ಕಾಕಾರ ತಾಳವೂ ಬಂತು! ಠಣ್!

"ರೀ, ಏನ್ ಮಾಡಾಕತ್ತೀರಿ?" ಅಡುಗೆಮನೆಯಿಂದ ಉಮಾಬಾಯಿ.

"ಧೂಳಾ ಒರಸಾಕತ್ತೀನಿ."

"ಧೂಳಾ ಒರಸಿದ್ರ ಠಣ್ ಅಂತೈತೇನು?"

ಅಷ್ಟರಲ್ಲಿ ಬೆಲ್ ಆಯಿತು. ಶಾಂತಪ್ಪ ಕಾಕಾ, ಮೌನಪ್ಪ. ಹಾಡು ಕೇಳಲು ಬನ್ನಿ ಅಂತ ಹಿಂದಿನ ದಿನವೇ ನಾನು ಆಮಂತ್ರಣ ಕೊಟ್ಟಿದ್ದೆ. ಇಬ್ಬರನ್ನೂ ಸೋಫಾದ ಮೇಲೆ ಕೂಡಿಸಿ, ಚಹಾ ಕೊಟ್ಟು, ಗಂಟಲು ಸರಿಮಾಡಿಕೊಂಡು ಹಾಡು ಹಚ್ಚಿದೆ. ಶಾಂತಪ್ಪ ಕಾಕಾ ಕಣ್ಣು ಮುಚ್ಚಿ ಕೇಳಿ "ಪಾಡ ಐತಿ" ಅಂತ ತಲೆದೂಗಿದರು. ಮೌನಪ್ಪ ಬಸಿಯಲ್ಲಿದ್ದ ಚಹಾ ಹಾಗೇ ಹಿಡಿದು ಕೂತಿದ್ದ.

"ಯಾಕ ಮೌನಪ್ಪ?"

"ಏನಿಲ್ರೀ ಅಣ್ಣಾರ... ಬಲಗೈ ಕೇಳಿಸ್ತು. ಎಡಗೈ ಕೇಳಿಸವಲ್ದು. ಮನ್ಯಾಗ ಹುಡುಗ್ರಿಗೆ ಹೇಳೀನಿ. ಒಂದು ಕೈಲೆ ಬಾರಿಸಿದ ಅಂತಾರ."

ಅವನ ಮುಖ ನೋಡಿದೆ. ಢೋಲಕ್ ಏರಿಸಿದೆ. ಅದರೊಳಗಿನ ತಾಳವೂ ಎದ್ದಿತು. ಈಗ ಹಾರ್ಮೋನಿಯಂ ಮುಳುಗಿತು. ಹಾರ್ಮೋನಿಯಂ ಏರಿಸಿದೆ. ಮತ್ತೆ ತಾಳ! ಯಾರನ್ನು ಎತ್ತಿದರೂ ಎದ್ದು ಬರುವವರು ಶಾಂತಪ್ಪ ಕಾಕಾ ಒಬ್ಬರೇ. ಚುನಾವಣೆಯಲ್ಲಿ ಯಾರಿಗೆ ವೋಟು ಹಾಕಿದರೂ ಒಬ್ಬನೇ ಗೆದ್ದ ಹಾಗೆ!

ನೀವು ಕೇಳಬಹುದು, ಏರಿಸುವ ಬದಲು ಯಾವುದನ್ನಾದರೂ ಇಳಿಸಬಾರದಿತ್ತೆ ಅಂತ. ಯಾರನ್ನು ಇಳಿಸಲಿ ಸ್ವಾಮಿ? ನಮ್ಮ ಮಂಡಳಿಯಲ್ಲಿ ಒಂದು ಪದ್ಧತಿ ಇದೆ. ಹಿರಿಯರು ಮುಂದೆ, ಕಿರಿಯರು ಹಿಂದೆ. ಪ್ರಸಾದವೂ ಅದೇ ಕ್ರಮದಲ್ಲಿ, ಚಹಾವೂ ಅದೇ ಕ್ರಮದಲ್ಲಿ. ಎಂಬತ್ತೊಂದು ವರ್ಷದ ಮನುಷ್ಯ ಸೋಫಾದ ಮೇಲೆ ಕೂತು ನೋಡುತ್ತಿರುವಾಗ, ಅವರ ಕಣ್ಣೆದುರಿಗೇ ಅವರನ್ನು ಇಳಿಸುವುದೆ? ನನ್ನಿಂದ ಆಗದು. ಆದ್ದರಿಂದ ನ್ಯಾಯವಾಗಿ ಎಲ್ಲರನ್ನೂ ಏರಿಸಿದೆ. ಶಾಂತಪ್ಪ ಕಾಕಾರಿಗೆ ಹಿರಿತನದ್ದು, ಮೌನಪ್ಪನಿಗೆ ಎಡಗೈಯದ್ದು, ನನಗೆ ಮನೆಯ ಯಜಮಾನನದ್ದು. ಧನಶ್ರೀ ಎಲ್ಲರಿಗಿಂತ ಸಣ್ಣವಳು. ಮೊಮ್ಮಗಳಾದವಳು ಹಿರಿಯರ ಹಿಂದೆ ಇರುವುದೇ ಶೋಭೆ ಅಂತ ವಯಲಿನ್ ಇದ್ದಲ್ಲೇ ಬಿಟ್ಟೆ.

ಪರದೆಯ ಮೇಲೆ ಹಸಿರು ಪಟ್ಟಿಗಳು ಕುಣಿಯುತ್ತಿದ್ದವು. ಅವು ಹಳದಿಯಾದವು. ಆಮೇಲೆ ಕೆಂಪಾದವು. ಮೌನಪ್ಪ ಗಾಬರಿಯಾದ.

"ಅಣ್ಣಾರ, ಕೆಂಪು ದೀಪ ಹತ್ತೇತ್ರಿ!"

ನಾನು ನಕ್ಕೆ. ಮೂವತ್ತೇಳು ವರ್ಷ ಕಬ್ಬಿಣದ ನಡುವೆ ಬದುಕಿದ ನಗೆ ಅದು. "ಹುಚ್ಚಪ್ಪಾ, ಕಬ್ಬಣ ಕೆಂಪಾದ್ರ ಏನರ್ಥ? ಹದಕ್ಕ ಬಂತು ಅಂತ! ಈಗ ಬಡದ್ರ ಹೆಂಗ ಬೇಕಾದಂಗ ಬಾಗತೈತಿ."

ಬಾಗಿತು. ಹಾಡು ಬಾಗಿತು, ಮುರಿಯಿತು, ಕರ್‌ರ್ ಅಂದಿತು. ಅದನ್ನು ನಾನು "ಜೋಶ್" ಅಂತ ತಿಳಿದೆ.

ಇಷ್ಟಾದ ಮೇಲೆ ಪಾಲಿಶ್ ಬೇಡವೆ? ಗುಡಿಯೊಳಗೆ ಬಾರಿಸಿದ ಹಾಗೆ ಗುಂಯ್‌ಗುಡಿಸುವ ಗುಂಡಿಯೊಂದಿತ್ತು. ತುದಿಯವರೆಗೆ ತಿರುಗಿಸಿದೆ. ಸಾಕ್ಷಾತ್ ಗೋಳಗುಮ್ಮಟವೇ ನಮ್ಮ ಹಾಲಿಗೆ ಬಂದು ಕೂತಿತು. ಮೆಂತ್ಯಪಲ್ಲೆ ಸೋಸುತ್ತಿದ್ದ ಉಮಾಬಾಯಿ ಮೊರ ಹಿಡಿದುಕೊಂಡೇ ಹೊರಬಂದಳು.

"ನಾಲ್ಕು ಮಂದಿ ನೀರಿನ ಟಾಕಿಯೊಳಗ ಬಿದ್ದು, ಎತ್ತರ್ರೆಪೋ ಅಂತ ಒದರಿದಂಗ ಕೇಳಾಕತ್ತೈತಿ. ಆ ಕೂಸಿಂದು ಹಾಳ ಮಾಡಬ್ಯಾಡ್ರಿ. ಇದ್ದಂಗ ಇಟ್ಟುಬಿಡ್ರಿ."

"ಸಂಗೀತ ನಿನಗ ತಿಳಿಯಂಗಿಲ್ಲ."

"ಸಂಗೀತ ತಿಳಿಯಂಗಿಲ್ಲ. ನೀವು ತಿಳೀತೀರಿ."

ಅವಳು ಒಳಗೆ ಹೋದಳು. ನಾನು ಕೊನೆಯ ಕೈ ಹಾಕಿದೆ. ಹಾಡಿನ ಶುರುವಿಗೆ ಏನೋ ಸಣ್ಣಗೆ ಗುಂಯ್ ಅನ್ನುತ್ತಿತ್ತು. ಎಂಟು ಸೆಕೆಂಡು. ಆಮೇಲೆ ನಮ್ಮ ಸೈನ್ಯ ನುಗ್ಗುತ್ತಿತ್ತು.

"ಏನಿದು ಮೌನಪ್ಪ?"

ಮೌನಪ್ಪ ಸ್ಪೀಕರಿಗೆ ಕಿವಿ ಇಟ್ಟ. "ಸೊಳ್ಳಿರೀ ಅಣ್ಣಾರ. ಪಕ್ಕಾ ಬಾಲಾನಗರದ ಸೊಳ್ಳಿ."

ಕಸದ ಸದ್ದು ಗುಡಿಸುವುದು ಹೇಗೆ ಅಂತ ನನಗೆ ಗೊತ್ತಿತ್ತು. ಫ್ರಿಜ್ಜಿನ ಸದ್ದು ತೆಗೆಯುವಾಗ ಧನಶ್ರೀ ಒಮ್ಮೆ ತೋರಿಸಿದ್ದಳು. ಮೊದಲು ಒಂದು ಚೂರು ಕಸವನ್ನು ಕಂಪ್ಯೂಟರಿಗೆ ತೋರಿಸಬೇಕು. "ಇಂಥಾದ್ದು" ಅಂದರೆ ಸಾಕು, ಇಡೀ ಹಾಡಿನ ಮೂಲೆಮೂಲೆ ಹುಡುಕಿ ಅಂಥಾದ್ದನ್ನೆಲ್ಲ ಗುಡಿಸಿ ಹಾಕುತ್ತದೆ. ಒಳ್ಳೆಯ ಸೊಸೆಯಂಥ ಯಂತ್ರ. ಎಂಟು ಸೆಕೆಂಡಿನ ಆ ಸೊಳ್ಳೆಯನ್ನು ತೋರಿಸಿದೆ. ಎಲ್ಲ ಮೈಕಿನಿಂದಲೂ ಗುಡಿಸು ಅಂದೆ. ಗುಡಿಸಿತು. "ಹಳೆಯದರ ಮೇಲೆ ಬರೆಯಲೇ?" ಅಂತ ವಿನಯದಿಂದ ಕೇಳಿತು. ಇಷ್ಟು ವಿನಯದಿಂದ ನಮ್ಮ ಮನೆಯಲ್ಲಿ ಯಾರೂ ನನ್ನನ್ನು ಕೇಳುವುದಿಲ್ಲ. ಹೂಂ ಅಂದೆ.

ಶಾಂತಪ್ಪ ಕಾಕಾರಿಗೆ ಒಂದು ಪ್ರತಿ ಬೇಕಾಯಿತು. ಮೇಜಿನ ಮೇಲಿದ್ದ ಪೆನ್‌ಡ್ರೈವ್ ಚುಚ್ಚಿದೆ. ಜಾಗ ಇಲ್ಲ ಅಂದಿತು. ಒಳಗಿದ್ದುದನ್ನೆಲ್ಲ ಅಳಿಸಿ ಜಾಗ ಮಾಡಿಕೊಟ್ಟೆ. ಮಧ್ಯಾಹ್ನ ಮೆಂತ್ಯಪಲ್ಲೆ, ರೊಟ್ಟಿ ಉಂಡು, ದೊಡ್ಡ ಕೆಲಸ ಮಾಡಿದವರು ಮಲಗುವ ಹಾಗೆ ಅಂಗಾತ ಮಲಗಿದೆ. ಅತಿಥಿಗಳಿಬ್ಬರೂ ಸೋಫಾದ ಎರಡು ತುದಿಯಲ್ಲಿ ಗೊರಕೆ ಹೊಡೆದರು.

ನಾಲ್ಕೂ ಇಪ್ಪತ್ತಕ್ಕೆ ಧನಶ್ರೀ ಬಂದಳು. ಬಂದವಳೇ ನೀರು ಕುಡಿದು, ಹೆಡ್‌ಫೋನ್ ಹಾಕಿಕೊಂಡು ಕೂತಳು. ನಾನು ಹಿಂದೆ ಕೈಕಟ್ಟಿ ನಿಂತೆ, ಶಭಾಶ್‌ಗಿರಿ ಸ್ವೀಕರಿಸಲು.

ಒಂದು ಗುಂಡಿ ಒತ್ತಿದಳು. ಕುರ್ಚಿಯಿಂದ ಗಕ್ಕನೆ ಎದ್ದಳು. ಹೆಡ್‌ಫೋನ್ ಕಿತ್ತಳು. ಪರದೆ ನೋಡಿದಳು. ನನ್ನನ್ನು ನೋಡಿದಳು.

"ಅಜ್ಜಾ... ವಯಲಿನ್ ಎಲ್ಲೈತಿ?"

"ಐತಿ, ಐತಿ. ಹಿಂದಿನ ಕಡೆ ಐತಿ."

"ಇಲ್ಲ ಅಜ್ಜಾ. ಇಲ್ಲೇ ಇಲ್ಲ."

"ಹಂಗಂದ್ರ? ನಾ ಬರೇ ಸೊಳ್ಳಿ ತಗದೀನಿ. ಶುರುವಿಗೆ ಒಂದು ಸೊಳ್ಳಿ..."

ಅವಳು ಹೆಡ್‌ಫೋನನ್ನು ಮೇಜಿನ ಮೇಲಿಟ್ಟಳು. ಆಮೇಲೆ ಮೆಲ್ಲಗೆ ಅಂದಳು: "ಅಜ್ಜಾ, ಅದು ಸೊಳ್ಳಿ ಅಲ್ಲ. ಅದು ನಾನು."

ಹಿಮದ ಕೋಟೆ ದೂರದಿಂದ ಕಾಣುವಾಗ ವಯಲಿನ್ ಒಂದೇ, ಸಣ್ಣಗೆ, ಎಂಟು ಸೆಕೆಂಡು. ಮೊದಲಿನಿಂದಲೂ ಇತ್ತಂತೆ. ನನಗೆ ಹೇಗೆ ಗೊತ್ತಾಗಬೇಕು? ನನ್ನ ಪಾಳಿ ಬರುವವರೆಗೆ ಬೇರೆಯವರು ಏನು ಬಾರಿಸುತ್ತಾರೆ ಅಂತ ಕೇಳುವ ಚಟ ನನಗೆ ಯಾವತ್ತೂ ಇಲ್ಲ. ಕಂಪ್ಯೂಟರು ಮಾತ್ರ ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿತ್ತು. ಇಡೀ ಹಾಡಿನಿಂದ ನನ್ನ ಮೊಮ್ಮಗಳನ್ನು ಗುಡಿಸಿ ಹಾಕಿತ್ತು!

"ಇರಲಿ, ಅಸಲಿ ರೆಕಾರ್ಡಿಂಗ್ ಪೆನ್‌ಡ್ರೈವ್‌ನ್ಯಾಗ ಇಟ್ಟೀನಿ," ಅಂತ ಮೇಜು ತಡಕಿದಳು.

ಶಾಂತಪ್ಪ ಕಾಕಾ ಅಂಗಿಯ ಜೇಬಿನಿಂದ ಪೆನ್‌ಡ್ರೈವ್ ತೆಗೆದು ಸಂತೋಷದಿಂದ ತೋರಿಸಿದರು. "ಇಲ್ಲೈತಿ ನೋಡವಾ! ನಿಮ್ಮಜ್ಜ ಎಲ್ಲಾ ಸ್ವಚ್ಛ ಮಾಡಿ ಹೊಸಾದು ಹಾಕಿ ಕೊಟ್ಟಾನ."

ಆ ಕ್ಷಣ ನೆಲದ ಟೈಲ್ಸ್ ಬಿರಿದು ನನ್ನನ್ನು ಕೆಳಗಿನ ಮನೆಯವರ ಹಾಲಿಗೆ ಇಳಿಸಿದ್ದರೆ ಚೆನ್ನಾಗಿತ್ತು. ಧನಶ್ರೀ ಅಳಲಿಲ್ಲ. ಅತ್ತಿದ್ದರೆ ವಾಸಿಯಿತ್ತು. ಕುರ್ಚಿಯ ತುದಿಗೆ ಕೂತು ವಯಲಿನ್ ಪೆಟ್ಟಿಗೆಯ ಕೊಂಡಿಯನ್ನು ಹಾಕುವುದು, ತೆಗೆಯುವುದು, ಹಾಕುವುದು. ನನಗೆ ಅಟ್ಟ ಕಾಣಿಸಿತು. ಅಟ್ಟದ ಮೇಲೆ ಆ ಪೆಟ್ಟಿಗೆ ಕಾಣಿಸಿತು. 

"ಯವ್ವಾ, ತಪ್ಪಾತು," ಅಂದೆ. ಈ ಮಾತು ನಾನು ಹಿಂದೆ ಯಾವಾಗ ಅಂದಿದ್ದೆನೋ ನೆನಪಿಲ್ಲ. ಉಮಾಬಾಯಿಗೂ ನೆನಪಿರಲಿಲ್ಲ. ಅದಕ್ಕೇ ಆಕೆ ಅಡುಗೆಮನೆಯಿಂದ ಓಡಿಬಂದು ನೋಡಿದಳು.

ಧನಶ್ರೀ ಗಡಿಯಾರ ನೋಡಿದಳು. ನಾಲ್ಕೂ ಮೂವತ್ತೈದು. ಎದ್ದಳು.

"ಮತ್ತೊಮ್ಮಿ ಬಾರಸೂಣು. ಒಂದ ಮೈಕ್. ಕಂಪ್ಯೂಟರ್‌ನ್ಯಾಗ ಮಿಕ್ಸ್ ಮಾಡಾಕ ಟೈಮಿಲ್ಲ. ಮನ್ಯಾಗ ಮಾಡೂಣು."

"ಮನ್ಯಾಗ ಅಂದ್ರ?"

"ಗುಂಡಿ ಸರಸೂ ಬದಲಿ ಮಂದೀನ್ನ ಸರಸೂಣು!"

ಹಾಲಿನ ನಟ್ಟನಡುವೆ ಒಂದು ಮೈಕು ನಿಲ್ಲಿಸಿದಳು. ಯಾರ ಸದ್ದು ಹೆಚ್ಚೋ ಅವರು ದೂರ, ಯಾರ ಸದ್ದು ಕಡಿಮೆಯೋ ಅವರು ಹತ್ತಿರ. ನಮ್ಮ ಮಂಡಳಿಯ ಪದ್ಧತಿ ಅಡಿಮೇಲಾಯಿತು! ಎಲ್ಲರಿಗಿಂತ ಸಣ್ಣವಳು ಮೈಕಿನ ಎದುರಿಗೆ. ಮೌನಪ್ಪ ಸೋಫಾದ ಹಿಂದೆ, ಢೋಲಕ್ಕಿನ ಎಡಗಡೆಗೆ ರಜಾಯಿ. ಅವನ ಎಡಗೈಯ ಆಸೆ ಅಲ್ಲಿಗೆ ಮಣ್ಣುಗೂಡಿತು. ಶಾಂತಪ್ಪ ಕಾಕಾ ಮೊದಲು ಬಾಗಿಲ ಹತ್ತಿರ ಕೂತರು. ಠಣ್! ಮೈಕು ಬೆಚ್ಚಿತು. ಬಾಗಿಲ ಹೊರಗೆ ಅಂದಳು ಧನಶ್ರೀ. ಕಾಕಾರ ಮುಖ ಕೆಂಡವಾಯಿತು.

"ಎಂಬತ್ತೊಂದು ವರ್ಷದಾಂವ ನಾನು ಚಪ್ಪಲಿ ಬಿಡೂ ಜಾಗಾದಾಗ ಕುಂದರಬೇಕೇನು? ಸೂರ್ಯಕಾಂತಾ, ನಿನ್ನ ಮನ್ಯಾಗ ಇದ ಮರ್ಯಾದಿ?"

ಗಂಟೆ ನಾಲ್ಕೂ ಐವತ್ತು. ನಾನು ಬಾಯಿ ತೆರೆಯುವ ಮೊದಲೇ ಉಮಾಬಾಯಿ ಒಳ್ಳೆಯ ಕುರ್ಚಿ ಎತ್ತಿಕೊಂಡು ಮುಂದೆ ಬಂದಳು.

"ಕಾಕಾರ, ನಿಮ್ಮ ತಾಳದ ತಾಕತ್ತು ಈ ಮನ್ಯಾಗ ಹಿಡಸವಲ್ದರಿ. ಅದಕ್ಕ ಇಡೀ ಜೀನಾ ನಿಮಗ ಬಿಟ್ಟುಕೊಟ್ಟೀವಿ. ಮ್ಯಾಲಿಂದ ಕೆಳಗಿನ ತನಕಾ ಎಲ್ಲಾ ನಿಮ್ಮದ."

ಕಾಕಾ ಮೆಟ್ಟಿಲ ಸಾಲನ್ನು ಮೇಲೆ ಕೆಳಗೆ ಅಳೆದು ನೋಡಿದರು. "ಹಂಗಂದ್ರ ಆತು," ಅಂತ ಗಂಭೀರವಾಗಿ ಹೋಗಿ ಕೂತರು. ಇಷ್ಟು ವರ್ಷ ಈ ಹೆಂಗಸನ್ನು ಕಾರ್ಖಾನೆಯ ಯೂನಿಯನ್ನಿಗೆ ಕಳಿಸದೆ ನಾನೆಂಥ ತಪ್ಪು ಮಾಡಿದೆ!

ಉಳಿದದ್ದು ನಾನು.

"ಅಜ್ಜಾ, ಒಂದು ಹೆಜ್ಜಿ ಹಿಂದ."

ಹಾರ್ಮೋನಿಯಂ ಎತ್ತಿಕೊಂಡು ಸರಿದೆ.

"ಇನ್ನೊಂದು. ಇನ್ನೊಂದು. ಅಡಿಗಿಮನಿಯೊಳಗ ಹೋಗು. ಇನ್ನೂ ಒಳಗ."

ಕಡೆಗೆ ಫ್ರಿಜ್ಜಿಗೂ ಪಾತ್ರೆ ತೊಳೆಯುವ ತೊಟ್ಟಿಗೂ ನಡುವಿನ ಸಂದಿಯಲ್ಲಿ, ಮೊಣಕಾಲ ಮೇಲೆ ಹಾರ್ಮೋನಿಯಂ ಇಟ್ಟುಕೊಂಡು, ಬೆನ್ನಿಗೆ ಹಿಟ್ಟಿನ ಡಬ್ಬಿ ಆನಿಸಿಕೊಂಡು ಕೂತೆ. ಹಾಲಿನಿಂದ "ಹಾಂ, ಅಜ್ಜ ಬರೋಬ್ಬರಿ ಅದಾನ!" ಅಂತ ಧನಶ್ರೀಯ ಧ್ವನಿ ಬಂತು.

ಆದರೆ ಹುಬ್ಬು ನೋಡಿ ಬಾರಿಸುವ ಮಂದಿಗೆ ಈಗ ಒಬ್ಬರ ಹುಬ್ಬು ಒಬ್ಬರಿಗೆ ಕಾಣದು! ಅಡುಗೆಮನೆ, ಹಾಲು, ಜೀನಾ ಮೂರೂ ಕಾಣುವ ಜಾಗ ಒಂದೇ, ಅಡುಗೆಮನೆಯ ಹೊಸ್ತಿಲು. ಅಲ್ಲಿ ಉಮಾಬಾಯಿ ಸೌಟು ಹಿಡಿದು ನಿಂತಳು. ಸೌಟು ಇಳಿದರೆ ಎಲ್ಲರೂ ಶುರು, ಏರಿದರೆ ಎಲ್ಲರೂ ಬಂದ್. ನಲವತ್ತನಾಲ್ಕು ವರ್ಷದ ಸಂಸಾರದಲ್ಲಿ ಆ ಸೌಟನ್ನು ನಾನು ಇಷ್ಟು ಭಕ್ತಿಯಿಂದ ನೋಡಿದ್ದು ಅದೇ ಮೊದಲು.

ಮೊದಲನೇ ಸಲ ಮೌನಪ್ಪ ಸೀನಿದ. ಎರಡನೇ ಸಲ ನಾನು ತಪ್ಪಿದೆ. ಹಿಟ್ಟಿನ ಡಬ್ಬಿ ತಪ್ಪಿಸಿತು ಅಂತ ಹೇಳಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರನೇ ಸಲ ಎಲ್ಲ ಸುಸೂತ್ರ ಸಾಗಿ ರಾಕ್ಷಸನ ಹತ್ತಿರ ಬಂದಿದ್ದೆವು, ಕೆಳಗಿನ ರಸ್ತೆಯಿಂದ ಗಾಡಿಯ ಸ್ಪೀಕರು ಅರಚಿತು: "ಪಾತ ಇನುಪ ಸಾಮಾನ್ಲು ಕೊಂಟಾಂ! ಪಾತ ಕೂಲರ್ಲು, ಪಾತ ಫ್ರಿಜ್ಲು ಕೊಂಟಾಂ!"

ಸೌಟು ಏರಿತು. ಐದೂ ಇಪ್ಪತ್ತೈದು. ಧನಶ್ರೀ ಹಣೆ ಹಿಡಿದುಕೊಂಡಳು. ಈ ಹಳೇ ಕಬ್ಬಿಣದವನು ನಮ್ಮ ಗಲ್ಲಿಗೆ ಬಂದರೆ ಅರ್ಧ ಗಂಟೆ ಕದಲುವುದಿಲ್ಲ.

ಆಗ ಜೀನಾದ ಮಹಾರಾಜರು ಎದ್ದರು. ತಾಳ ಸಮೇತ ಕೆಳಗಿಳಿದರು. ತೆಲುಗಿನಲ್ಲಿ ಅವರ ಗರ್ಜನೆ ಕೇಳಿಸಿತು. "ಏಯ್ ತಮ್ಮುಡೂ! ಆ ಡಬ್ಬಾ ಬಂದ್ ಚೇಸಿ ಪೈಕಿ ರಾ!" ಎರಡು ನಿಮಿಷದಲ್ಲಿ ಸ್ಪೀಕರ್ ಬಾಯಿ ಮುಚ್ಚಿತು. ಗಾಡಿಯವನು ಮೆಟ್ಟಿಲ ಮೇಲೆ ಕಾಕಾರ ಪಕ್ಕದಲ್ಲಿ, ತುಟಿಯ ಮೇಲೆ ಬೆರಳಿಟ್ಟುಕೊಂಡು ಕೂತಿದ್ದ. ಕಾಕಾ ಹೊರಗೆ ಕೂರದೆ ಸೋಫಾದ ಮೇಲೆ ಕೂತಿದ್ದರೆ ಈ ಕೆಲಸ ಯಾರು ಮಾಡುತ್ತಿದ್ದರು?

ನಾಲ್ಕನೇ ಸಲ ಸೌಟು ಇಳಿಯಿತು. ಎಂಟು ಸೆಕೆಂಡು ವಯಲಿನ್ ಒಂದೇ. ಫ್ರಿಜ್ಜಿನ ಸಂದಿಯಲ್ಲಿ ಕೂತು, ನನ್ನ ಪಾಳಿ ಬರುವ ಮೊದಲು, ನಾನು ಅದನ್ನು ಕೇಳಿದೆ. ಸೊಳ್ಳೆಯಲ್ಲ. ಬೆಳಗಿನ ಜಾವ ಬಯಲಿನ ಮೇಲೆ ಗಾಳಿ ಬಂದ ಹಾಗೆ. ಇದನ್ನು ನಾನು ಕಸ ಅಂದೆನೇ? ಕೈ ತಾನಾಗಿ ಹಗುರಾಯಿತು. ಇಷ್ಟು ಮೆತ್ತಗೆ ನಾನು ಆ ಪೆಟ್ಟಿಗೆಯನ್ನು ಯಾವತ್ತೂ ಬಾರಿಸಿರಲಿಲ್ಲ. ಮೌನಪ್ಪ ರಜಾಯಿಯ ಮೇಲೆ, ಕಾಕಾ ದೂರದ ಮೆಟ್ಟಿಲ ಮೇಲೆ. ತಾಳ ಈಗ ಠಣ್ ಅನ್ನಲಿಲ್ಲ. ದೂರದ ಯಾವುದೋ ಕೋಟೆಯ ಗಂಟೆಯ ಹಾಗೆ ತೇಲಿ ಬಂತು. ಸೌಟು ಏರಿತು. ಯಾರೂ ಉಸಿರೆತ್ತಲಿಲ್ಲ. ಜೀನಾದಿಂದ ಗಾಡಿಯವನು ಮಾತ್ರ "ಬಾಗುಂದಿ!" ಅಂತ ಮೆಚ್ಚಿಕೊಂಡ. ಅಷ್ಟನ್ನು ಕತ್ತರಿಸಿ, ಐದೂ ಐವತ್ತೆರಡಕ್ಕೆ ಧನಶ್ರೀ ಹಾಡು ಕಳಿಸಿದಳು.

ಹನ್ನೊಂದು ದಿನ ನಮ್ಮ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ. ಅಮೀರ್‌ಪೇಟಿನ ಪರೀಕ್ಷೆಯಲ್ಲಿ ಹುಡುಗಿ ಚೆನ್ನಾಗಿ ಪಾಸಾಗಿ ಹೆದರಿಕೆ ಇನ್ನೂ ಜಾಸ್ತಿ ಮಾಡಿದಳು. ಹನ್ನೆರಡನೇ ದಿನ ಮೇಲ್ ಬಂತು. ಹತ್ತರಲ್ಲಿ ಏಳನೆಯವಳಾಗಿ ಧನಶ್ರೀ ಆಯ್ಕೆಯಾಗಿದ್ದಳು! "ವಾದ್ಯಗಳು ಒಂದಕ್ಕೊಂದು ಜಾಗ ಬಿಟ್ಟುಕೊಟ್ಟ ರೀತಿ ತುಂಬಾ ಚೆಂದ" ಅಂತ ಬರೆದಿದ್ದರು. ವಿಜಯಕುಮಾರ ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು, "ಆತವ್ವಾ, ಮಾತ ಅಂದ್ರ ಮಾತ. ನಿನ್ನ ದಾರಿ ನಿನಗ," ಅಂದ. ಜಾಗ ಬಿಟ್ಟುಕೊಟ್ಟವನು ನಾನೇ ಅಂತ ನಾನು ಎಲ್ಲರಿಗೂ ನೆನಪಿಸಿದೆ. ಫ್ರಿಜ್ಜಿನ ಸಂದಿಯನ್ನು ಬಂದವರಿಗೆಲ್ಲ ತೋರಿಸಿದೆ.

ಅವಳು ಕಲಿಯಲು ಹೋಗತೊಡಗಿದ ಎರಡನೇ ವಾರ ಒಂದು ಸಂಜೆ, ಮನೆಗೆ ಬಂದವಳೇ ಅಂದಳು:

"ಅಜ್ಜಾ, ಇವತ್ತ ಕ್ಲಾಸಿನ್ಯಾಗ ನೀ ಮಾಡಿದ ಮಿಕ್ಸ್ ಕೇಳಿಸಿದೆ. ಶಾಂತಪ್ಪ ಕಾಕಾರ ಪೆನ್‌ಡ್ರೈವ್‌ನ್ಯಾಗ ಇತ್ತಲ್ಲ, ಅದು."

ನಾನು ನೆಟ್ಟಗೆ ಕೂತೆ. "ಎಲ್ಲಾರೂ ಕೇಳಿದ್ರೇನು?"

"ಹತ್ತೂ ಮಂದಿ. ಸರ್ ಎರಡು ಸಲ ಹಾಕ್ಸಿದ್ರು."

"ಎರಡು ಸಲ! ಏನಂದ್ರು?"

"ಎದ್ದು ಹೋಗಿ ಒಂದು ಗ್ಲಾಸ್ ನೀರು ಕುಡದ್ರು. ಆಮ್ಯಾಲೆ ಅಂದ್ರು, 'ಬರೇ ತಿಳೀದವರು ಇಷ್ಟು ದೂರ ಬರಾಕ ಸಾಧ್ಯ ಇಲ್ಲ. ಇದಕ್ಕ ಧೈರ್ಯನೂ ಬೇಕು. ಇನ್ನ ಮುಂದ ಪ್ರತಿ ಬ್ಯಾಚಿಗೆ ಮೊದಲನೇ ದಿನಾ ಇದನ್ನ ಕೇಳಸೂಣು.'"

ಪ್ರತಿ ಬ್ಯಾಚಿಗೆ! ಮೊದಲನೇ ದಿನ! ಧೈರ್ಯ! ಮೂರು ದಿನ ನಾನು ನೆಲದ ಮೇಲೆ ನಡೆಯಲಿಲ್ಲ. ಈ ಮಾತನ್ನು ಅಕ್ಷರ ಬಿಡದೆ ಊರೆಲ್ಲ ಹೇಳಿದೆ. ನಾಲ್ಕನೇ ದಿನ ಮಂಡಳಿಯವರು ಸೇರಿ, ಶಾಂತಪ್ಪ ಕಾಕಾರ ಕೈಯಿಂದ ನನಗೆ ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು ಸನ್ಮಾನ ಮಾಡಿದರು. ಮೌನಪ್ಪ ಎರಡೂ ಕೈಯಿಂದ ಚಪ್ಪಾಳೆ ತಟ್ಟಿದ.

ಶಾಲು ಹೊದ್ದುಕೊಂಡೇ ಮನೆಗೆ ಬಂದೆ. ಆ ತೆಂಗಿನಕಾಯಿಯನ್ನು ತುರಿಯುತ್ತಾ ಉಮಾಬಾಯಿ, ಮಾಸ್ತರರು ಹೇಳಿದ ಮಾತಿನ ಅರ್ಥವನ್ನು ನನಗೆ ಮೆಲ್ಲಗೆ ಬಿಡಿಸಿ ಹೇಳಿದಳು: "ಹಿಂಗ ಮಾಡಬಾರದು ಅಂತ ತೋರಸಾಕ ಕೇಳಸ್ತಾರ್ರೀ."

ಶಾಲು ದೊಡ್ಡದಿತ್ತು. ಮುಖ ಮುಚ್ಚಿಕೊಳ್ಳಲಿಕ್ಕೂ ಸಾಕಾಯಿತು.